ರೋಡಿಯೊ ಮತ್ತು ಫಿಯೆಸ್ತಾ: ಟೂಸಾನ್ ಪಟ್ಟಣದ ಒಂದು ಉತ್ಸವದ ಚರಿತ್ರೆ

ಉತ್ಸವವೊಂದು ಯಾರದು ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಮೇಲ್ನೋಟಕ್ಕೆ ತೋರುವಷ್ಟು ಸುಲಭವಲ್ಲ. ಅದನ್ನು ಆರಂಭಿಸಿದವರದೋ, ಅದಕ್ಕೆ ಹಣ ಒದಗಿಸಿದವರದೋ, ಅದರಲ್ಲಿ ದುಡಿಯುವವರದೋ, ಅದನ್ನು ನೋಡಲು ನೆರೆಯುವವರದೋ? ಸ್ವಂತ ನಾಡಿನಿಂದ ಹೊರಗೆ ನೆಲೆಸಿದ ಸಮುದಾಯಗಳ ಆಚರಣೆಗಳನ್ನು ಅಭ್ಯಾಸ ಮಾಡುವವರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಸಬೇಕಾಗುತ್ತದೆ. ಆದುದರಿಂದ ನಮಗೆ ದೂರವಾದ, ಆದರೆ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಡುವ ಒಂದು ಉದಾಹರಣೆಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ನೈಋತ್ಯ ಭಾಗದ ಅರಿಜೋನಾ ರಾಜ್ಯದಲ್ಲಿರುವ ಟೂಸಾನ್‌ನಲ್ಲಿ ಪ್ರತಿವರ್ಷ ಫೆಬ್ರವರಿಯಲ್ಲಿ ‘ಲಾ ಫಿಯೆಸ್ತಾ ದೆ ಲೋಸ್ ವಾಕೆರೋಸ್’ ಎಂಬ ಉತ್ಸವ ಜರುಗುತ್ತದೆ. ಸ್ಪ್ಯಾನಿಷ್ ಭಾಷೆಯ ಈ ಹೆಸರಿಗೆ ‘ದನಗಾಹಿ ಸವಾರರ ಹಬ್ಬ’ ಎಂದರ್ಥ. ಅದರ ಮುಖ್ಯ ಅಂಗ ರೋಡಿಯೊ, ಅಂದರೆ ಕುದುರೆ ಸವಾರಿ ಮತ್ತು ದನ ಹಿಡಿಯುವ ಕೌಶಲಗಳ ಸ್ಪರ್ಧೆ. 1925ರಲ್ಲಿ ಆರಂಭವಾದ ಈ ಉತ್ಸವ 2025ರಲ್ಲಿ ತನ್ನ ಶತಮಾನೋತ್ಸವವನ್ನು ಆಚರಿಸಿಕೊಂಡಿತು. ಉತ್ಸವದ ಮಾತು, ಉತ್ಸವದ ತಿಥಿ, ಉತ್ಸವದ ನೆಲ ಈ ಮೂರನ್ನು ಆಧಾರವಾಗಿ ಇಟ್ಟುಕೊಂಡು ಅದರ ಚರಿತ್ರೆಯನ್ನು ನಾವಿಲ್ಲಿ ವಿವರಿಸಲು ಯತ್ನಿಸುತ್ತೇವೆ.

1. ಊರು

ಟೂಸಾನ್ ಎಂಬ ಹೆಸರಿನಲ್ಲಿಯೇ ಮೂರು ಪದರಗಳಿವೆ. ಮೂಲತಃ ಇದು ಅಲ್ಲಿಯ ಆದಿನಿವಾಸಿಗಳಾದ ಒಓಧಮ್ ಜನರ ಭಾಷೆಯ ‘ಚುಕ್ ಶೋನ್’. ಕಪ್ಪು ಬೆಟ್ಟದ ಬುಡ ಎಂಬುದು ಅದರ ಅರ್ಥ. ಸ್ಪೇನಿನವರು ಅದನ್ನು ‘ತುಕ್ಸೋನ್’ ಎಂದು ಬರೆದುಕೊಂಡರು. ಇಂಗ್ಲಿಷ್ ಮಾತನಾಡುವವರು ಆ ಬರವಣಿಗೆಯನ್ನು ಉಳಿಸಿಕೊಂಡು ನಡುವಿನ ಕಕಾರದ ಉಚ್ಚಾರಣೆಯನ್ನು ಕೈಬಿಟ್ಟರು. ಊರಿನ ಚರಿತ್ರೆಯೂ ಇದೇ ಕ್ರಮದಲ್ಲಿ ಸಾಗಿದೆ. 17ನೆಯ ಶತಮಾನದ ಕೊನೆಯ ದಶಕಗಳಲ್ಲಿ ಯೇಸುಸಂಘದ ಪಾದ್ರಿ ಯೂಸೆಬಿಯೊ ಕೀನೊ ಈ ಪ್ರದೇಶಕ್ಕೆ ಮತಪ್ರಚಾರದೊಂದಿಗೆ ದನಕರುಗಳನ್ನೂ ತಂದನು. 1775ರಲ್ಲಿ ಸ್ಪೇನಿನ ಸೈನ್ಯ ಇಲ್ಲಿ ಕೋಟೆಯೊಂದನ್ನು ಸ್ಥಾಪಿಸಿತು. 1821ರಲ್ಲಿ ಮೆಕ್ಸಿಕೊ ಸ್ವತಂತ್ರವಾದಾಗ ಊರು ಆ ದೇಶಕ್ಕೆ ಸೇರಿತು. 1853ರಲ್ಲಿ ಸಹಿಯಾಗಿ ಮರುವರ್ಷ ಅಂಗೀಕೃತವಾದ ಗ್ಯಾಡ್ಸ್‌ಡನ್ ಒಪ್ಪಂದದ ಮೂಲಕ ಅಮೆರಿಕ ಈ ಭಾಗವನ್ನು ಕೊಂಡುಕೊಂಡಿತು. ಊರಿನ ಜನ ಎಲ್ಲಿಗೂ ಹೋಗಲಿಲ್ಲ. ಗಡಿ ಅವರನ್ನು ಹಿಂದೆ ಬಿಟ್ಟು ದಕ್ಷಿಣಕ್ಕೆ ಸರಿಯಿತು.

1880ರಲ್ಲಿ ರೈಲು ಬಂದ ಮೇಲೆ ಆರ್ಥಿಕ ಅಧಿಕಾರ ಕ್ರಮೇಣ ಇಂಗ್ಲಿಷ್ ಮಾತನಾಡುವ ವಲಸೆಗಾರರ ಕೈ ಸೇರಿತು. ತಮ್ಮ ಮೇಲೆ ಹೆಚ್ಚುತ್ತಿದ್ದ ಅಸಹನೆಯನ್ನು ಎದುರಿಸಲು ಮೆಕ್ಸಿಕನ್ ಮೂಲದ ನಾಗರಿಕರು 1894ರಲ್ಲಿ ‘ಅಲಿಯಾನ್ಸಾ ಇಸ್ಪಾನೊ-ಅಮೆರಿಕಾನಾ’ ಎಂಬ ಪರಸ್ಪರ ಸಹಾಯ ಸಂಘವನ್ನು ಟೂಸಾನ್‌ನಲ್ಲಿಯೇ ಕಟ್ಟಿದರು. 1920ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 20,292. ನಾವು ಚರ್ಚಿಸುತ್ತಿರುವ ಉತ್ಸವ ಹುಟ್ಟಿದ್ದು ಇಷ್ಟು ಸಣ್ಣ ಪಟ್ಟಣದಲ್ಲಿ.

2. ಮಾತು

‘ರೋಡಿಯೊ’ ಎಂಬುದು ಸ್ಪ್ಯಾನಿಷಿನ ‘ಸುತ್ತುಗಟ್ಟು’ ಎಂಬರ್ಥದ ಧಾತುವಿನಿಂದ ಬಂದ ನಾಮಪದ. ಬೇಲಿಯಿಲ್ಲದ ಬಯಲುಗಳಲ್ಲಿ ಹಲವು ಒಡೆಯರ ದನಗಳು ಬೆರೆತು ಮೇಯುತ್ತಿದ್ದ ಕಾಲದಲ್ಲಿ, ನಿಯತ ಕಾಲಕ್ಕೆ ಅವನ್ನೆಲ್ಲ ಸುತ್ತುಗಟ್ಟಿ ತಂದು, ಮುದ್ರೆ ನೋಡಿ ಬೇರ್ಪಡಿಸಿ, ಹೊಸ ಕರುಗಳಿಗೆ ಮುದ್ರೆ ಹಾಕುವ ಕೆಲಸಕ್ಕೆ ಈ ಹೆಸರಿತ್ತು. ಅದು ಆಟವಾಗಿರಲಿಲ್ಲ, ಒಡೆತನವನ್ನು ನಿರ್ಣಯಿಸುವ ಸಾರ್ವಜನಿಕ ಕಾರ್ಯವಾಗಿತ್ತು. ಕ್ಯಾಲಿಫೋರ್ನಿಯಾ ಅಮೆರಿಕಕ್ಕೆ ಸೇರಿದ ನಂತರವೂ 1851ರಲ್ಲಿ ಅಲ್ಲಿಯ ಶಾಸನಸಭೆ ರೋಡಿಯೊಗಳನ್ನು ನಿಯಂತ್ರಿಸಲು ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಕೆಲಸ ಮುಗಿದ ಮೇಲೆ ಸವಾರರು ತಮ್ಮತಮ್ಮಲ್ಲಿ ಪಂದ್ಯ ಕಟ್ಟಿಕೊಳ್ಳುತ್ತಿದ್ದುದರಿಂದ ಕಾಲಾನಂತರ ಕೆಲಸದ ಹೆಸರು ಪಂದ್ಯಕ್ಕೆ ಅಂಟಿಕೊಂಡಿತು.

ಈ ವೃತ್ತಿಗೆ ಸಂಬಂಧಿಸಿದ ಇಂಗ್ಲಿಷ್ ಶಬ್ದಕೋಶದ ಬಹುಭಾಗ ಸ್ಪ್ಯಾನಿಷಿನಿಂದ ಬಂದುದು. ‘ವಾಕಾ’ ಎಂದರೆ ಹಸು; ‘ವಾಕೆರೊ’ ಎಂದರೆ ದನಗಾಹಿ; ಅದೇ ಇಂಗ್ಲಿಷಿನ ಬಾಯಲ್ಲಿ ‘ಬಕರೂ’ ಆಯಿತು. ‘ಲಾ ರೆಯಾತಾ’ ಎಂಬ ಹಗ್ಗ ತನ್ನ ಉಪಪದವನ್ನೂ ಸೇರಿಸಿಕೊಂಡು ‘ಲ್ಯಾರಿಯಟ್’ ಎಂಬ ಒಂದೇ ಪದವಾಯಿತು. ‘ಲಾಸೊ’ ಎಂಬ ಕುಣಿಕೆ ‘ಲ್ಯಾಸೊ’ ಆಯಿತು. ತೊಡೆಗೆ ಕಟ್ಟುವ ಚರ್ಮದ ‘ಚಾಪರೆರಾಸ್’ ಮೊಟಕುಗೊಂಡು ‘ಚ್ಯಾಪ್ಸ್’ ಆಯಿತು. ಒಡೆಯನಿಲ್ಲದ ಪಶುವೆಂಬರ್ಥದ ‘ಮೆಸ್ತೆನ್ಯೊ’ ಕಾಡುಕುದುರೆಯ ಹೆಸರಾಗಿ ‘ಮಸ್ಟ್ಯಾಂಗ್’ ಎನಿಸಿತು. ಹಗ್ಗವನ್ನು ಜೀನಿನ ಮುಂಗೊಂಬಿಗೆ ಸುತ್ತು ಹಾಕು ಎಂಬರ್ಥದ ‘ದಾರ್ ಲಾ ವುಯೆಲ್ತಾ’ ಎಂಬ ಪದಪುಂಜ ‘ಡ್ಯಾಲಿ’ ಎಂಬ ಎರಡಕ್ಷರದ ಕ್ರಿಯಾಪದವಾಗಿ ಇಂದಿಗೂ ಬಳಕೆಯಲ್ಲಿದೆ. ಉಪಕರಣದ ಹೆಸರಷ್ಟೇ ಎರವಲಾದರೆ ಅದನ್ನು ವ್ಯಾಪಾರದ ಫಲವೆನ್ನಬಹುದು. ಕೈಚಳಕದ ಹೆಸರೂ ಎರವಲಾದಾಗ, ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ನಿಂತು ಕಲಿತರೆಂಬುದನ್ನು ಒಪ್ಪಲೇಬೇಕಾಗುತ್ತದೆ. ಚಲನಚಿತ್ರಗಳು ಜನಪ್ರಿಯಗೊಳಿಸಿದ ಬಿಳಿಯ ‘ಕೌಬಾಯ್’ನ ಚಿತ್ರ ಈ ಕಲಿಕೆಯನ್ನು ಮರೆಸಿದೆ, ಶಬ್ದಗಳು ಮರೆತಿಲ್ಲ.

ಆದರೆ ಸ್ಪರ್ಧೆಗಳೆಲ್ಲವೂ ಒಂದೇ ಮೂಲದವೆಂದು ತಿಳಿಯಬಾರದು. ಕರುವಿಗೆ ಕುಣಿಕೆ ಹಾಕಿ ಕಾಲು ಕಟ್ಟುವುದು, ಪಳಗದ ಕುದುರೆಯ ಮೇಲೆ ಒಂದೇ ಕೈ ಹಿಡಿತದಿಂದ 8 ಸೆಕೆಂಡು ಕೂರುವುದು, ಇಬ್ಬರು ಸವಾರರು ಸೇರಿ ಹೋರಿಯ ಕೊಂಬಿಗೂ ಹಿಂಗಾಲಿಗೂ ಹಗ್ಗ ಬೀಸುವುದು, ಇವು ನಿತ್ಯದ ಕೆಲಸದಿಂದ ಬಂದಂಥವು. ಓಡುವ ಕುದುರೆಯಿಂದ ಧುಮುಕಿ ಹೋರಿಯ ಕೊಂಬು ಹಿಡಿದು ಕೆಡಹುವ ಪಟ್ಟನ್ನು 20ನೆಯ ಶತಮಾನದ ಆರಂಭದಲ್ಲಿ ಪ್ರಸಿದ್ಧಿಗೆ ತಂದವನು ಟೆಕ್ಸಾಸಿನ ಕರಿಯ ಸವಾರ ಬಿಲ್ ಪಿಕೆಟ್. ಗೂಳಿ ಸವಾರಿಗಾದರೋ ರಾಂಚಿನ ಕೆಲಸದಲ್ಲಿ ಯಾವ ಪ್ರಯೋಜನವೂ ಇಲ್ಲ. ಅದು ಪ್ರೇಕ್ಷಕರಿಗಾಗಿಯೇ ಬೆಳೆದ ಪಂದ್ಯ.

3. ತಿಥಿ

1925ಕ್ಕೆ ಮೊದಲು ಟೂಸಾನ್‌ನಲ್ಲಿ ಹಬ್ಬಗಳಿರಲಿಲ್ಲವೆಂದು ಭಾವಿಸುವುದು ಸರಿಯಲ್ಲ. ಊರಿನ ಪಾಲಕ ಸಂತನಾದ ಅಗಸ್ಟೀನನ ಹಬ್ಬ ಆಗಸ್ಟ್ 28ರಂದು ಬರುತ್ತಿತ್ತು. 19ನೆಯ ಶತಮಾನದಲ್ಲಿ ಅದು ಹಲವು ದಿನಗಳ ಜಾತ್ರೆಯಾಗಿ ಊರ ಚೌಕದಲ್ಲಿ ನಡೆಯುತ್ತಿತ್ತು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು ಜೂನ್ 24ರ ಸಂತ ಯೋಹಾನನ ಹಬ್ಬ, ‘ದಿಯಾ ದೆ ಸಾನ್ ಹ್ವಾನ್’. ಅಂದು ಜನರು ನಸುಕಿನಲ್ಲಿ ಸಾಂತಾ ಕ್ರೂಸ್ ನದಿಗಿಳಿದು ಮೀಯುತ್ತಿದ್ದರು. ಬಳಿಕ ಕುದುರೆ ಓಟಗಳೂ ಸವಾರರ ಪಂದ್ಯಗಳೂ ನಡೆಯುತ್ತಿದ್ದವು. ದಿನದ ಆಯ್ಕೆಗೆ ನೆಲದಲ್ಲಿಯೇ ಕಾರಣವಿದೆ. ವರ್ಷಕ್ಕೆ ಸುಮಾರು 30 ಸೆಂಟಿಮೀಟರ್ ಮಳೆ ಬೀಳುವ ಈ ಮರುಭೂಮಿಯಲ್ಲಿ ಅದರ ಅರ್ಧದಷ್ಟು ಬರುವುದು ಬೇಸಿಗೆಯ ಮಳೆಗಾಲದಲ್ಲಿ. ಆ ಮಳೆಯನ್ನು ಎದುರುನೋಡುವ ದಿನವೇ ಸಾನ್ ಹ್ವಾನ್. ಆ ಮಳೆಗೆ ಅಲ್ಲಿಯ ಜನ ಇಂದು ‘ಮಾನ್ಸೂನ್’ ಎನ್ನುತ್ತಾರೆ. ಅರಬ್ಬಿ ನಾವಿಕರ ‘ಮೌಸಿಮ್’ ನಮ್ಮ ಪಶ್ಚಿಮ ಕರಾವಳಿಯ ಸಮುದ್ರ ವ್ಯಾಪಾರದಲ್ಲಿ ಬಳಕೆಗೊಂಡು, ಪೋರ್ಚುಗೀಸರ ಮೂಲಕ ಯೂರೋಪಿಗೆ ಹೋಗಿ, ಅಲ್ಲಿಂದ ಅರಿಜೋನಾದವರೆಗೂ ಪಯಣಿಸಿದೆ. ಮುಂಗಾರಿನ ಹೊಸ್ತಿಲಲ್ಲಿ ಕಾರಹುಣ್ಣಿಮೆಯ ಎತ್ತುಗಳನ್ನು ಓಡಿಸಿ ಕರಿ ಹರಿಯುವುದನ್ನು ಬಲ್ಲ ಕನ್ನಡ ಓದುಗರಿಗೆ, ಎರಡರ ನಡುವೆ ಚಾರಿತ್ರಿಕ ಸಂಬಂಧವೇನೂ ಇಲ್ಲದಿದ್ದರೂ, ಮಳೆಯ ನಿರೀಕ್ಷೆಗೂ ಪಶುಗಳ ಓಟಕ್ಕೂ ಇರುವ ನಂಟನ್ನು ಹೆಚ್ಚು ವಿವರಿಸಬೇಕಾಗಿಲ್ಲ.

1925ರ ಹಬ್ಬದ ತಿಥಿಯ ಹಿಂದೆ ಬೇರೆಯೇ ಲೆಕ್ಕಾಚಾರವಿತ್ತು. ಒಣಹವೆಯನ್ನೂ ಚಳಿಗಾಲದ ಬಿಸಿಲನ್ನೂ ಪ್ರಚಾರ ಮಾಡಿ ಪೂರ್ವ ರಾಜ್ಯಗಳ ಸಂದರ್ಶಕರನ್ನು ಸೆಳೆಯಲು ಊರಿನ ವರ್ತಕರು 1922ರಲ್ಲಿ ‘ಸನ್‌ಶೈನ್ ಕ್ಲೈಮೇಟ್ ಕ್ಲಬ್’ ಎಂಬ ಸಂಸ್ಥೆಯನ್ನು ಕಟ್ಟಿದ್ದರು. ಚಳಿಗಾಲವನ್ನು ಟೂಸಾನ್‌ನಲ್ಲಿ ಕಳೆಯುತ್ತಿದ್ದ ಫಿಲಡೆಲ್ಫಿಯಾದ ಶ್ರೀಮಂತ ಫ್ರೆಡರಿಕ್ ಲೇಟನ್ ಕ್ರೇಮರ್ ಅರಿಜೋನಾ ಪೋಲೊ ಸಂಘದ ಅಧ್ಯಕ್ಷನಾಗಿದ್ದನು. ಸಂದರ್ಶಕರನ್ನು ನಡುಚಳಿಗಾಲದಲ್ಲಿ ಹಿಡಿದಿಡುವ ಆಕರ್ಷಣೆಯಾಗಿ ರೋಡಿಯೊವನ್ನು ಯೋಜಿಸಿದವನು ಅವನೇ. 1925ರ ಫೆಬ್ರವರಿಯಲ್ಲಿ ಅವನ ಪೋಲೊ ಮೈದಾನದಲ್ಲಿ ಮೂರು ದಿನಗಳ ಸ್ಪರ್ಧೆ ನಡೆಯಿತು. ಬಹುಮಾನದ ಮೊತ್ತ 6,650 ಡಾಲರು. ಅದರೊಂದಿಗೆ ವರ್ತಕರು ದಾನವಿತ್ತ 750 ಪೌಂಡಿನ ಮಂಜುಗಡ್ಡೆ, 100 ಪೌಂಡು ಆಲೂಗಡ್ಡೆ, ಹಂದಿಮಾಂಸದ ತೊಡೆ ಮುಂತಾದವೂ ಬಹುಮಾನಗಳಾಗಿದ್ದವು. ಹೀಗೆ ಊರಿನ ಕುದುರೆ ಹಬ್ಬ ಮಳೆ ಕಾಯುವವರ ಜೂನಿನಿಂದ, ಹಿಮವನ್ನು ತಪ್ಪಿಸಿಕೊಂಡು ಬರುವವರ ಫೆಬ್ರವರಿಗೆ ಸ್ಥಳಾಂತರಗೊಂಡಿತು. ಅತ್ತ ಅಂತರ್ಜಲದ ಅತಿಬಳಕೆಯಿಂದ ಸಾಂತಾ ಕ್ರೂಸ್ ನದಿ 20ನೆಯ ಶತಮಾನದ ಮಧ್ಯದ ವೇಳೆಗೆ ಬತ್ತಿಹೋಯಿತು. ಮೀಯಲು ನೀರಿಲ್ಲದ ಮೇಲೆ ಸಾನ್ ಹ್ವಾನ್ ಹಬ್ಬವೂ ಕಳೆಗುಂದಿದುದು ಆಶ್ಚರ್ಯವಲ್ಲ.

4. ಹಬ್ಬದ ದಿನ ಮತ್ತು ಉಳಿದ ದಿನ

ಹೊಸ ಉತ್ಸವಕ್ಕೆ ಸ್ಪ್ಯಾನಿಷ್ ಹೆಸರಿಟ್ಟುದರ ಅರ್ಥವೇನು? ಕೇರಿ ಮ್ಯಾಕ್‌ವಿಲಿಯಮ್ಸ್ ಎಂಬ ಲೇಖಕ 1940ರ ದಶಕದ ಕೊನೆಯಲ್ಲಿ, ನೈಋತ್ಯದ ಊರುಗಳು ಇಂಥ ಉತ್ಸವಗಳಲ್ಲಿ ಗತಕಾಲದ ‘ಸ್ಪೇನ್’ ಅನ್ನು ಕೊಂಡಾಡುತ್ತ, ನೆರೆಯಲ್ಲಿಯೇ ಬದುಕಿರುವ ಮೆಕ್ಸಿಕನ್ನರನ್ನು ಕಡೆಗಣಿಸುತ್ತವೆಂದು ತೋರಿಸಿ, ಇದನ್ನು ಕಲ್ಪಿತ ಪರಂಪರೆಯೆಂದು ಕರೆದನು. ಟೂಸಾನ್‌ನ ಶಾಲೆಗಳ ಇತಿಹಾಸ ಈ ಮಾತಿಗೆ ಗಟ್ಟಿಯಾದ ಪುರಾವೆಯನ್ನು ಒದಗಿಸುತ್ತದೆ. ಅಲ್ಲಿ 1919ರಲ್ಲಿ ‘1ಸಿ’ ಎಂಬ ತರಗತಿ ಆರಂಭವಾಯಿತು. ಸ್ಪ್ಯಾನಿಷ್ ಮನೆಮಾತಿನ ಮಕ್ಕಳು ಇಂಗ್ಲಿಷ್ ಕಲಿಯುವವರೆಗೂ ಅದರಲ್ಲಿ ಕೂರಬೇಕಾಗಿತ್ತು. ಇದರಿಂದ ಅನೇಕರು ಸಹಪಾಠಿಗಳಿಗಿಂತ ಒಂದೆರಡು ವರ್ಷ ಹಿಂದೆ ಬೀಳುತ್ತಿದ್ದರು. ಶಾಲೆಯ ಆವರಣದಲ್ಲಿ ಸ್ಪ್ಯಾನಿಷ್ ಆಡಿದವರಿಗೆ ಶಿಕ್ಷೆಯಾಗುತ್ತಿತ್ತು. 1960ರ ದಶಕದ ಮಧ್ಯದವರೆಗೂ ಈ ವ್ಯವಸ್ಥೆ ಮುಂದುವರಿಯಿತು. ಅದೇ ಶಾಲೆಗಳಿಗೆ ಪ್ರತಿವರ್ಷ ಫಿಯೆಸ್ತಾಕ್ಕಾಗಿ ರಜೆ ದೊರೆಯುತ್ತಿತ್ತು. ‘ವಾಕೆರೋಸ್’ ಎಂಬ ಪದ ಹಬ್ಬದ ಫಲಕದ ಮೇಲೆ ಗೌರವದ ಮಾತು, ವಾಕೆರೊನ ಮಗುವಿನ ನಾಲಗೆಯ ಮೇಲೆ ಅಪರಾಧ. ಟೂಸಾನ್‌ನ ಶಿಕ್ಷಕರು ಈ ಸ್ಥಿತಿಯನ್ನು ಸಮೀಕ್ಷೆ ಮಾಡಿ 1966ರಲ್ಲಿ ಪ್ರಕಟಿಸಿದ ವರದಿ ಅಮೆರಿಕದ 1968ರ ದ್ವಿಭಾಷಾ ಶಿಕ್ಷಣ ಕಾಯಿದೆಗೆ ದಾರಿ ಮಾಡಿದ ಕಾರಣಗಳಲ್ಲಿ ಒಂದಾಯಿತು.

ನೆಲದ ವಿಷಯದಲ್ಲಿಯೂ ಇದೇ ವೈರುಧ್ಯ ಕಾಣುತ್ತದೆ. 1960ರ ದಶಕದ ಕೊನೆಯಲ್ಲಿ ನಗರ ನವೀಕರಣದ ಹೆಸರಿನಲ್ಲಿ ಸುಮಾರು 80 ಎಕರೆಗಳಷ್ಟು ಹಳೆಯ ಬಡಾವಣೆಯನ್ನು ಕೆಡವಲಾಯಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಮೆಕ್ಸಿಕನ್ ಮೂಲದವರು. ಸಂತ ಅಗಸ್ಟೀನನ ಜಾತ್ರೆ ಕೂಡುತ್ತಿದ್ದ ಚೌಕದ ಪರಿಸರವೂ ಅದರೊಂದಿಗೆ ಅಳಿಯಿತು. 1971ರಲ್ಲಿ ಅಲ್ಲಿ ಸಮ್ಮೇಳನ ಭವನ ತೆರೆಯಿತು.

5. ನೆಲೆಗೊಂಡ ಬಗೆ

ಇಷ್ಟರಿಂದ ಫಿಯೆಸ್ತಾವನ್ನು ಪ್ರವಾಸೋದ್ಯಮದ ಸೃಷ್ಟಿಯೆಂದು ಹೇಳಿ ವಿಷಯವನ್ನು ಮುಗಿಸಬಹುದಾಗಿತ್ತು. ಆದರೆ ನೂರು ವರ್ಷಗಳಲ್ಲಿ ಉತ್ಸವ ಸ್ಥಾಪಕರ ಕೈಮೀರಿ ಬೆಳೆದಿದೆ. 1932ರಲ್ಲಿ ಅದು ಊರ ಈಶಾನ್ಯದ ಪೋಲೊ ಮೈದಾನದಿಂದ ದಕ್ಷಿಣದ ಆರನೆಯ ಅವೆನ್ಯೂವಿನಲ್ಲಿದ್ದ ಹಳೆಯ ವಿಮಾನ ನಿಲ್ದಾಣದ ಜಾಗಕ್ಕೆ ಸ್ಥಳಾಂತರಗೊಂಡಿತು. ಕ್ರೇಮರನ ಮೈದಾನ ಮುಂದೆ ಮನೆಗಳ ಬಡಾವಣೆಯಾಯಿತು. ದಕ್ಷಿಣದ ಭಾಗವಾದರೋ ಮೆಕ್ಸಿಕನ್ ಮೂಲದ ದುಡಿಯುವ ಜನ ಹೆಚ್ಚಾಗಿ ನೆಲೆಸಿದ ಪ್ರದೇಶ. ಮೊದಲು ನಗರದ ನಡುವೆ ಸಾಗುತ್ತಿದ್ದ ಮೆರವಣಿಗೆ ಕೂಡ ಈಗ ದಕ್ಷಿಣದ ಬೀದಿಗಳಲ್ಲಿಯೇ ಹೊರಡುತ್ತದೆ. ಇದರಲ್ಲಿ ಯಂತ್ರವಾಹನಗಳಿಗೆ ಎಡೆಯಿಲ್ಲ. ಕುದುರೆಗಳು, ಗಾಡಿಗಳು, ಕಾಲ್ನಡಿಗೆಯವರು ಮಾತ್ರ. ಮರಿಯಾಚಿ ವಾದ್ಯಮೇಳಗಳು, ಮೆಕ್ಸಿಕನ್ ಜನಪದ ನರ್ತಕರು, ‘ಚಾರ್ರೊ’ ಸವಾರರು, ಒಓಧಮ್ ತಂಡಗಳು ಇದರಲ್ಲಿ ಭಾಗವಹಿಸುತ್ತಾರೆ. ಗುರುವಾರ ಮತ್ತು ಶುಕ್ರವಾರ ಶಾಲೆಗಳಿಗೆ ರಜೆ ಇಂದಿಗೂ ಇದೆ. 2020ರ ಗಣತಿಯಲ್ಲಿ ಜನಸಂಖ್ಯೆ ಐದು ಲಕ್ಷ ದಾಟಿದ ನಗರದಲ್ಲಿ, ದನ ಕಾಯುವ ವೃತ್ತಿಯನ್ನು ಕಣ್ಣಾರೆ ಕಾಣದ ಮಕ್ಕಳಿಗೂ ಫೆಬ್ರವರಿಯ ಕೊನೆ ಎಂದರೆ ‘ರೋಡಿಯೊ ರಜೆ’. ಕೋವಿಡ್ ಪಿಡುಗಿನಿಂದ 2021ರಲ್ಲಿ ಉತ್ಸವ ನಿಂತುಹೋದಾಗ ಅದರ ಕೊರತೆಯನ್ನು ಅನುಭವಿಸಿದವರು ಪ್ರವಾಸಿಗಳಿಗಿಂತ ಹೆಚ್ಚಾಗಿ ಊರಿನವರೇ.

ಈ ನಡುವೆ ಸ್ಪರ್ಧೆಯೂ ವೃತ್ತಿಯಾಗಿ ರೂಪುಗೊಂಡಿತು. 1936ರಲ್ಲಿ ಬಾಸ್ಟನ್ ನಗರದಲ್ಲಿ ಸವಾರರು ಬಹುಮಾನದ ಹಂಚಿಕೆಯ ಬಗ್ಗೆ ಮುಷ್ಕರ ಹೂಡಿ ತಮ್ಮದೇ ಸಂಘ ಕಟ್ಟಿಕೊಂಡರು. ಅದರ ಉತ್ತರಾಧಿಕಾರಿಯಾದ ವೃತ್ತಿ ಸಂಸ್ಥೆಯ ಋತುವಿನಲ್ಲಿ ಟೂಸಾನ್‌ಗೆ ಈಗ ಪ್ರಮುಖ ಸ್ಥಾನವಿದೆ. ಪಶುಗಳಿಗಾಗುವ ಹಿಂಸೆಯ ಕುರಿತು, ವಿಶೇಷವಾಗಿ ಕರು ಕಟ್ಟುವ ಪಂದ್ಯದ ಕುರಿತು, ದಯಾಸಂಘಗಳು ಎತ್ತಿರುವ ಆಕ್ಷೇಪಗಳು ಮಾತ್ರ ಇನ್ನೂ ಬಗೆಹರಿದಿಲ್ಲ.

6. ಸಮಾಪ್ತಿ

ಒಟ್ಟಿನಲ್ಲಿ, ಟೂಸಾನ್‌ನ ಫಿಯೆಸ್ತಾವನ್ನು ಪ್ರಾಚೀನ ಪರಂಪರೆಯೆಂದು ಒಪ್ಪುವುದೂ ಕೇವಲ ಕೃತಕವೆಂದು ತಳ್ಳಿಹಾಕುವುದೂ ಸಮಾನವಾಗಿ ಅಸಮರ್ಪಕ. ‘ಪರಂಪರೆಯ ನಿರ್ಮಿತಿ’ ಎಂಬ ಪರಿಕಲ್ಪನೆ ಎರಿಕ್ ಹಾಬ್ಸ್‌ಬಾಮ್ ಮತ್ತು ಟೆರೆನ್ಸ್ ರೇಂಜರ್ ಸಂಪಾದಿಸಿದ 1983ರ ಗ್ರಂಥದಿಂದ ಪ್ರಚಾರಕ್ಕೆ ಬಂದ ಬಳಿಕ, ಉತ್ಸವವೊಂದರ ಇತ್ತೀಚಿನ ಹುಟ್ಟನ್ನು ಬಯಲಿಗೆಳೆಯುವುದೇ ಸಂಶೋಧನೆಯ ಕೊನೆಯೆಂಬ ಭಾವನೆ ಹಲವರಲ್ಲಿದೆ. ಅದು ಆರಂಭ ಮಾತ್ರವೆಂದು ನಾವು ಭಾವಿಸುತ್ತೇವೆ. ಉತ್ಸವದ ತಿಥಿ ಅದನ್ನು ಯಾರಿಗಾಗಿ ಏರ್ಪಡಿಸಲಾಯಿತೆಂಬುದನ್ನು ಹೇಳುತ್ತದೆ. ಅದರ ಮಾತು ಅದರ ವಿದ್ಯೆ ಯಾರದೆಂಬುದನ್ನು ಹೇಳುತ್ತದೆ. ಅದು ನಡೆಯುವ ನೆಲ ಈಗ ಅದನ್ನು ಉಳಿಸಿಕೊಂಡಿರುವವರು ಯಾರೆಂಬುದನ್ನು ಹೇಳುತ್ತದೆ. ಟೂಸಾನ್‌ನಲ್ಲಿ ಈ ಮೂರು ಉತ್ತರಗಳು ಬೇರೆ ಬೇರೆಯಾಗಿವೆ. ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳ ಕನ್ನಡಿಗರು ತಮ್ಮ ಹಬ್ಬಗಳನ್ನು ರಜೆಯ ಅನುಕೂಲಕ್ಕೆ ತಕ್ಕಂತೆ ಮುಂದೂಡುವುದನ್ನೂ, ಸಭಾಂಗಣಗಳಿಗೆ ಒಯ್ಯುವುದನ್ನೂ ದಾಖಲಿಸುವ ಅಭ್ಯಾಸಿಗಳು ಈ ಮೂರು ಪ್ರಶ್ನೆಗಳನ್ನು ಪ್ರತ್ಯೇಕವಾಗಿ ಕೇಳಿಕೊಳ್ಳುವುದು ಲೇಸು. ಜೊತೆಗೆ, ವೇದಿಕೆಯ ಮೇಲೆ ಮೆರೆಯುವ ಭಾಷೆಗೆ ಉಳಿದ ದಿನಗಳಲ್ಲಿ ಮನೆಯಲ್ಲಿ, ಶಾಲೆಯಲ್ಲಿ ಯಾವ ಸ್ಥಾನವಿದೆ ಎಂಬುದನ್ನೂ ನೋಡಬೇಕು.