ಊರಿನ ಕಲಾಸಂಘ, ಪರದೆಯ ಮೇಲಿನ ಪ್ರದರ್ಶನ

ಬ್ರಿಟನ್ನಿನ ಬಹುಪಾಲು ಪಟ್ಟಣಗಳಲ್ಲಿ, ಎಷ್ಟೋ ಹಳ್ಳಿಗಳಲ್ಲಿ ಕೂಡ, ಹವ್ಯಾಸಿ ಚಿತ್ರಕಾರರ ಒಂದು ಕಲಾಸಂಘ ಇರುತ್ತದೆ. ಅದರ ಸದಸ್ಯರಲ್ಲಿ ಚಿತ್ರ ಬರೆದೇ ಹೊಟ್ಟೆ ಹೊರೆಯುವವರು ಅಪರೂಪ. ನಿವೃತ್ತ ಶಿಕ್ಷಕರು, ನರ್ಸುಗಳು, ಗುಮಾಸ್ತರು, ಅಂಗಡಿಯವರು, ಮಕ್ಕಳು ದೊಡ್ಡವರಾದ ಮೇಲೆ ಕುಂಚ ಹಿಡಿದ ಗೃಹಿಣಿಯರು ಅಲ್ಲಿ ಸೇರಿರುತ್ತಾರೆ. ಚರ್ಚಿನ ಸಭಾಂಗಣದಲ್ಲೋ ಊರಿನ ಸಮುದಾಯ ಭವನದಲ್ಲೋ ವಾರಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ ಕೂಡುವುದು, ಆಗಾಗ ಅನುಭವಿ ಕಲಾವಿದರೊಬ್ಬರನ್ನು ಕರೆಸಿ ಪ್ರಾತ್ಯಕ್ಷಿಕೆ ಮಾಡಿಸುವುದು, ಬೇಸಿಗೆಯಲ್ಲಿ ಹೊರಗೆ ಹೋಗಿ ನಿಸರ್ಗಚಿತ್ರ ಬರೆಯುವುದು ಸಂಘದ ರೂಢಿ. ವರ್ಷಕ್ಕೆ ಒಂದೋ ಎರಡೋ ಬಾರಿ ನಡೆಯುವ ಪ್ರದರ್ಶನವೇ ಇವೆಲ್ಲದರ ತುದಿ. 2020ರ ಕೋವಿಡ್ ಕಾಲದಲ್ಲಿ ಇಂಥ ಸಂಘಗಳು ಸಭಾಂಗಣದ ಗೋಡೆಯನ್ನು ಬಿಟ್ಟು ಕಂಪ್ಯೂಟರ್, ಮೊಬೈಲ್‌ಗಳ ಪರದೆಯ ಮೇಲೆ ಚಿತ್ರ ತೂಗುಹಾಕಲು ಕಲಿತವು. ಸೋಂಕು ಇಳಿದ ಮೇಲೂ ಆ ಕ್ರಮ ಪೂರ್ತಿ ಮರೆಯಾಗಲಿಲ್ಲ.

ಹಳೆಯ ಪರಂಪರೆ

ಚಿತ್ರಗಳನ್ನು ಸಾರ್ವಜನಿಕರ ಮುಂದಿಡುವ ವಾಡಿಕೆ ಬ್ರಿಟನ್ನಿನಲ್ಲಿ ಬೇರೂರಿದ್ದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ. ಅಂದಿನ ಕಲಾವಿದರು ಒಗ್ಗೂಡಿ 1760ರಲ್ಲಿ ಲಂಡನ್ನಿನಲ್ಲಿ ದೊಡ್ಡ ಪ್ರದರ್ಶನವೊಂದನ್ನು ನಡೆಸಿದರು. 1768ರಲ್ಲಿ ರಾಯಲ್ ಅಕಾಡೆಮಿ ಸ್ಥಾಪನೆಯಾಯಿತು. ಅದರ ವಾರ್ಷಿಕ ಪ್ರದರ್ಶನ 1769ರಲ್ಲಿ ಆರಂಭವಾಗಿ ಇಂದಿಗೂ ತಪ್ಪದೆ ನಡೆದುಬಂದಿದೆ. ಪ್ರವೇಶಶುಲ್ಕ ಕಟ್ಟಿದವರು ಯಾರೇ ಆದರೂ ಅದಕ್ಕೆ ತಮ್ಮ ಕೃತಿಯನ್ನು ಕಳಿಸಬಹುದು, ಆಯ್ಕೆ ಸಮಿತಿಯದು. ಲಂಡನ್ನಿನ ಹೊರಗೂ ಸಂಘಗಳು ಬೇಗನೆ ಹುಟ್ಟಿಕೊಂಡವು. ಜಾನ್ ಕ್ರೋಮ್ ಮತ್ತು ರಾಬರ್ಟ್ ಲ್ಯಾಡ್‌ಬ್ರೂಕ್ 1803ರಲ್ಲಿ ಕಟ್ಟಿದ ನಾರಿಚ್ ಕಲಾವಿದರ ಸಂಘ 1805ರಲ್ಲಿ ತನ್ನ ಮೊದಲ ಪ್ರದರ್ಶನ ನಡೆಸಿತು. 

ಹವ್ಯಾಸಿಗಳ ಸಂಖ್ಯೆ ಬೆಳೆಯಲು ಸಾಮಗ್ರಿಯ ಬದಲಾವಣೆಯೂ ಕಾರಣವಾಯಿತು. ತೈಲವರ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದ ಕಾಲದಲ್ಲಿ ಅದನ್ನು ಹೊತ್ತು ಹೊರಗೆ ಹೋಗುವುದು ರಗಳೆಯ ಕೆಲಸ. ಲಂಡನ್ನಿನಲ್ಲಿದ್ದ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡ್ 1841ರಲ್ಲಿ ತವರದ ಟ್ಯೂಬಿಗೆ ಪೇಟೆಂಟ್ ಪಡೆದ ಬಳಿಕ ಬಣ್ಣ ಜೇಬಿನಲ್ಲಿ ಹಿಡಿಸುವ ವಸ್ತುವಾಯಿತು. ಬಿಡುವಿನ ವೇಳೆಯಲ್ಲಿ ಚಿತ್ರ ಬರೆಯುವವರಲ್ಲಿ ಹೆಸರಾಂತರೂ ಇದ್ದರು. 1915ರಲ್ಲಿ ಕುಂಚ ಹಿಡಿದ ವಿನ್‌ಸ್ಟನ್ ಚರ್ಚಿಲ್, 1947ರಲ್ಲಿ ‘ಡೇವಿಡ್ ವಿಂಟರ್’ ಎಂಬ ಸುಳ್ಳು ಹೆಸರಿನಲ್ಲಿ ರಾಯಲ್ ಅಕಾಡೆಮಿಗೆ ಎರಡು ಚಿತ್ರ ಕಳಿಸಿದರು. ಎರಡೂ ಆಯ್ಕೆಯಾದವು.

ಪ್ರದರ್ಶನದಿಂದ ಸಂಘಕ್ಕೆ ಸಿಗುವುದು

ಮನೆಯಲ್ಲಿ ಕುಳಿತು ಬರೆಯುವ ಹವ್ಯಾಸಿಗೆ ಚಿತ್ರವನ್ನು ಮುಗಿಸಲೇಬೇಕೆಂಬ ಒತ್ತಡ ಇರುವುದಿಲ್ಲ. ಪ್ರದರ್ಶನದ ದಿನಾಂಕ ಆ ಒತ್ತಡವನ್ನು ತರುತ್ತದೆ. ಇಂತಿಷ್ಟು ಚಿತ್ರ, ಇಂತಿಷ್ಟು ಅಳತೆ, ಚೌಕಟ್ಟು ಕಡ್ಡಾಯ, ಹಿಂದುಗಡೆ ತಂತಿ ಕಟ್ಟಿರಬೇಕು ಎಂಬ ನಿಯಮಗಳು ಬರೆಯುವವರನ್ನು ಅಚ್ಚುಕಟ್ಟಿಗೆ ಒಗ್ಗಿಸುತ್ತವೆ. ಚಿತ್ರ ಒಪ್ಪಿಸುವ ದಿನ ಸದಸ್ಯರು ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡುತ್ತಾರೆ. ತೂಗುಹಾಕುವ ಸಮಿತಿ ಯಾವ ಚಿತ್ರದ ಪಕ್ಕ ಯಾವುದು ಒಪ್ಪುತ್ತದೆ ಎಂದು ಯೋಚಿಸುತ್ತದೆ. ಉದ್ಘಾಟನೆಯ ಸಂಜೆ ನೆಂಟರು, ನೆರೆಯವರು, ಊರಿನ ಗಣ್ಯರು ಬರುತ್ತಾರೆ. ಕೆಲವು ಚಿತ್ರಗಳು ಮಾರಾಟವಾಗಿ, ಹಣದ ಒಂದು ಪಾಲು ಕಮಿಷನ್ ರೂಪದಲ್ಲಿ ಸಂಘದ ಖರ್ಚಿಗೆ ಸೇರುತ್ತದೆ. ಗಡುವು, ಆಯ್ಕೆ, ಜೋಡಣೆ, ಪ್ರೇಕ್ಷಕ, ಮಾರಾಟ ಎಂಬ ಈ ಐದು ಅಂಶಗಳು ಕೂಡಿದರೆ ಮಾತ್ರ ಅದು ಪ್ರದರ್ಶನ. ಆನ್‌ಲೈನ್ ಪ್ರದರ್ಶನ ಗೆಲ್ಲುವುದೂ ಸೋಲುವುದೂ ಇವುಗಳಲ್ಲಿ ಎಷ್ಟನ್ನು ಉಳಿಸಿಕೊಂಡಿತು ಎಂಬುದರ ಮೇಲೆಯೇ.

2020ರ ತಿರುವು

2020ರ ಮಾರ್ಚ್ 23ರಂದು ಬ್ರಿಟನ್ನಿನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಸಭಾಂಗಣ, ಗ್ರಂಥಾಲಯ, ಗ್ಯಾಲರಿಗಳೆಲ್ಲ ಬಾಗಿಲು ಹಾಕಿದವು. ವಸಂತ ಮತ್ತು ಬೇಸಿಗೆಯ ಪ್ರದರ್ಶನಗಳಿಗೆ ತಯಾರಾಗಿದ್ದ ಸಂಘಗಳ ಮುಂದೆ ಎರಡೇ ದಾರಿ ಉಳಿದವು: ರದ್ದು ಮಾಡುವುದು, ಇಲ್ಲವೇ ಅಂತರ್ಜಾಲಕ್ಕೆ ಹೋಗುವುದು. ರಾಯಲ್ ಅಕಾಡೆಮಿಯಂಥ ಸಂಸ್ಥೆಯೇ ತನ್ನ ಬೇಸಿಗೆ ಪ್ರದರ್ಶನವನ್ನು ಆ ವರ್ಷ ಅಕ್ಟೋಬರ್‌ಗೆ ಮುಂದೂಡಬೇಕಾಯಿತು. ಸ್ವಂತ ಕಟ್ಟಡವಿಲ್ಲದ ಸಣ್ಣ ಸಂಘಗಳಿಗೆ ಕಾಯುವ ಅನುಕೂಲವೂ ಇರಲಿಲ್ಲ. ಇದೇ ವೇಳೆಗೆ, 2020ರ ಏಪ್ರಿಲ್‌ನಲ್ಲಿ, ಕಲಾವಿದ ಗ್ರೇಸನ್ ಪೆರಿ ಚಾನೆಲ್ 4 ವಾಹಿನಿಯಲ್ಲಿ ‘ಗ್ರೇಸನ್ಸ್ ಆರ್ಟ್ ಕ್ಲಬ್’ ಎಂಬ ಕಾರ್ಯಕ್ರಮ ಆರಂಭಿಸಿದರು. ವಾರಕ್ಕೊಂದು ವಿಷಯ ಕೊಟ್ಟು ಜನಸಾಮಾನ್ಯರಿಂದ ಕಲಾಕೃತಿಗಳನ್ನು ಆಹ್ವಾನಿಸಿದ ಈ ಕಾರ್ಯಕ್ರಮದ ಆಯ್ದ ಕೃತಿಗಳು ಆಮೇಲೆ ಮ್ಯಾಂಚೆಸ್ಟರ್ ಆರ್ಟ್ ಗ್ಯಾಲರಿಯ ಗೋಡೆ ಏರಿದವು. ಕೊಲ್ಚೆಸ್ಟರ್ ಊರಿನ ‘ಫಸ್ಟ್‌ಸೈಟ್’ ಗ್ಯಾಲರಿ 2021ರ ಜನವರಿಯಲ್ಲಿ ಇನ್ನೊಂದು ಹಾದಿ ಹಿಡಿಯಿತು. ಮನೆಯಲ್ಲಿ ಬರೆದ ಚಿತ್ರವನ್ನು ಮನೆಯ ಕಿಟಕಿಯಲ್ಲೇ ಇಟ್ಟು ದಾರಿಹೋಕರಿಗೆ ತೋರಿಸಿ ಎಂದು ದೇಶದ ಜನರಿಗೆ ಕರೆಕೊಟ್ಟಿತು.

ಕರ್ನಾಟಕದಲ್ಲೂ ಇಂಥದೇ ತಿರುವು ಬಂತು. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತಿರುವ ಚಿತ್ರಸಂತೆಯಲ್ಲಿ ವೃತ್ತಿಪರರ ಜತೆಗೆ ಹವ್ಯಾಸಿಗಳೂ ತಮ್ಮ ಚಿತ್ರಗಳನ್ನು ಬೀದಿಯಲ್ಲೇ ಇಟ್ಟು ಮಾರುತ್ತಾರೆ. 2021ರ ಜನವರಿಯಲ್ಲಿ ಜನ ಗುಂಪುಗೂಡುವಂತಿರಲಿಲ್ಲವಾದ್ದರಿಂದ ಆ ಸಂತೆ ಆನ್‌ಲೈನ್‌ನಲ್ಲಿ ನಡೆಯಿತು.

ಮೂರು ಬಗೆ

ಆನ್‌ಲೈನ್ ಪ್ರದರ್ಶನಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಪುಟದ ಮೇಲಿನ ಚಿತ್ರಶಾಲೆ. ಸಣ್ಣ ಚಿತ್ರಗಳು ಸಾಲಾಗಿ ಇರುತ್ತವೆ, ಮುಟ್ಟಿದರೆ ದೊಡ್ಡದಾಗಿ ತೆರೆದುಕೊಳ್ಳುತ್ತವೆ. ಖರ್ಚು ಕಡಿಮೆ, ಹಳೆಯ ಮೊಬೈಲಿನಲ್ಲೂ ಕಾಣುತ್ತದೆ. ಎರಡನೆಯದು ಮೂರು ಆಯಾಮದ ಕೃತಕ ಕೋಣೆ. ಕುನ್‌ಸ್ಟ್‌ಮ್ಯಾಟ್ರಿಕ್ಸ್, ಆರ್ಟ್‌ಸ್ಟೆಪ್ಸ್ ಮೊದಲಾದ ಸೇವೆಗಳು ಕಟ್ಟಿಕೊಡುವ ಇಂಥ ಕೋಣೆಯಲ್ಲಿ ನೋಡುಗರು ಬಾಣದ ಗುರುತು ಒತ್ತುತ್ತ ‘ನಡೆದು’ ಗೋಡೆಯ ಚಿತ್ರಗಳ ಹತ್ತಿರ ಹೋಗಬಹುದು. ಚಿತ್ರದ ನಿಜವಾದ ಅಳತೆಯನ್ನು ನಮೂದಿಸಿದರೆ ಗೋಡೆಯ ಮೇಲೆ ಅದು ಅದೇ ಪ್ರಮಾಣದಲ್ಲಿ ಮೂಡುತ್ತದೆ. ಆದರೆ ನಿಧಾನದ ಸಂಪರ್ಕ ಇರುವಲ್ಲಿ ಕೋಣೆ ತೆರೆದುಕೊಳ್ಳಲು ಸಮಯ ಹಿಡಿಯುತ್ತದೆ, ಬಾಣದ ಗುರುತುಗಳಿಗೆ ಒಗ್ಗದ ಹಿರಿಯರಿಗೆ ಅದು ತೊಡಕು. ಮೂರನೆಯದು ವಿಡಿಯೊ. ಚಿತ್ರಗಳನ್ನು ಸಂಗೀತದೊಂದಿಗೆ ಒಂದಾದ ಮೇಲೊಂದರಂತೆ ತೋರಿಸುವುದು, ಅಥವಾ ಜೂಮ್ ಸಭೆಯಲ್ಲಿ ಸದಸ್ಯರೇ ತಮ್ಮ ಕೃತಿಯ ಬಗ್ಗೆ ಮಾತಾಡುವುದು. ಇಲ್ಲಿ ಎಷ್ಟು ಹೊತ್ತು ನೋಡಬೇಕೆಂಬ ಆಯ್ಕೆ ಪ್ರೇಕ್ಷಕರ ಕೈಯಲ್ಲಿ ಇರುವುದಿಲ್ಲ, ಆದರೆ ಉದ್ಘಾಟನೆಯ ಸಂಜೆಯ ಮಾತುಕತೆ ಒಂದಿಷ್ಟಾದರೂ ಮರಳಿ ಸಿಗುತ್ತದೆ. ಅನೇಕ ಸಂಘಗಳಿಗೆ ಮೊದಲ ಬಗೆಯ ಪುಟ, ಅದರ ಜತೆಗೆ ಒಂದು ಸಂಜೆಯ ಸಭೆ ಸಾಕಾಗುತ್ತದೆ.

ಚಿತ್ರದ ಫೋಟೊ

ಸಭಾಂಗಣದಲ್ಲಿ ಚೌಕಟ್ಟಿಗಿರುವ ಮಹತ್ವ ಆನ್‌ಲೈನ್‌ನಲ್ಲಿ ಫೋಟೊಗೆ ಇದೆ. ನೋಡುಗರ ಮುಂದೆ ಬರುವುದು ಮೂಲಚಿತ್ರವಲ್ಲ, ಅದರ ಫೋಟೊ. ಅದು ಕೆಟ್ಟರೆ ಒಳ್ಳೆಯ ಚಿತ್ರವೂ ಸೊರಗುತ್ತದೆ. ಮೊದಲ ತೊಡಕು ಬೆಳಕು. ಹಳದಿ ಛಾಯೆಯ ಬಲ್ಬಿನ ಕೆಳಗೆ ತೆಗೆದರೆ ಬಿಳಿ ಕಾಗದ ಕೆನೆಬಣ್ಣಕ್ಕೆ ತಿರುಗುತ್ತದೆ, ನೀಲಿ ಮಂಕಾಗುತ್ತದೆ. ನೇರ ಬಿಸಿಲಿನಲ್ಲಿ ತೈಲವರ್ಣದ ಮೇಲ್ಮೈ ಹೊಳೆದು ಬಿಳಿ ಚುಕ್ಕೆಗಳು ಏಳುತ್ತವೆ. ಮೋಡ ಕವಿದ ಹಗಲಿನಲ್ಲಿ ಹೊರಗೆ, ಇಲ್ಲವೇ ನೇರ ಬಿಸಿಲು ಬೀಳದ ಕಿಟಕಿಯ ಬಳಿ ತೆಗೆದರೆ ಬಣ್ಣ ಸರಿಯಾಗಿ ಬರುತ್ತದೆ. ಗಾಜು ಹಾಕಿದ ಮೇಲೆ ತೆಗೆದರೆ ಕೋಣೆಯೆಲ್ಲ ಅದರಲ್ಲಿ ಪ್ರತಿಫಲಿಸುತ್ತದೆ, ಆದ್ದರಿಂದ ಜಲವರ್ಣಗಳನ್ನು ಫ್ರೇಮ್ ಹಾಕಿಸುವ ಮೊದಲೇ ತೆಗೆಯಬೇಕು.

ಎರಡನೆಯ ತೊಡಕು ಕೋನ. ಕ್ಯಾಮೆರಾ ಓರೆಯಾದರೆ ಆಯತಾಕಾರದ ಚಿತ್ರ ಒಂದು ಬದಿಗೆ ಕಿರಿದಾಗುತ್ತದೆ. ತೀರ ಹತ್ತಿರ ಹಿಡಿದರೆ ಅಂಚುಗಳು ಹೊರಕ್ಕೆ ಬಾಗುತ್ತವೆ. ಚಿತ್ರವನ್ನು ಗೋಡೆಗೆ ನೇರವಾಗಿ ನಿಲ್ಲಿಸಿ, ಮಸೂರವನ್ನು ಅದರ ನಡುವಿನ ಎತ್ತರಕ್ಕೆ ತಂದು, ತುಸು ಹಿಂದೆ ಸರಿದು ತೆಗೆಯುವುದು ಸರಿಯಾದ ಕ್ರಮ. ಆಮೇಲೆ ಹಿನ್ನೆಲೆಯನ್ನು ಕತ್ತರಿಸಬಹುದು. ಬಣ್ಣಗಳನ್ನು ಗಾಢಗೊಳಿಸುವ ಫಿಲ್ಟರ್ ಬಳಸಿದರೆ ಮೋಸ ಖರೀದಿದಾರರಿಗೆ, ಮುಜುಗರ ಕಲಾವಿದರಿಗೆ.

ಎಷ್ಟೇ ಜಾಗ್ರತೆ ವಹಿಸಿದರೂ ಪರದೆಗೆ ತನ್ನದೇ ಮಿತಿಯಿದೆ. ಅಂತರ್ಜಾಲದ ಚಿತ್ರಗಳಿಗೆ ಸಾಮಾನ್ಯವಾಗಿ ಬಳಕೆಯಾಗುವುದು 1996ರಲ್ಲಿ ರೂಪುಗೊಂಡ ಎಸ್‌ಆರ್‌ಜಿಬಿ ಎಂಬ ಬಣ್ಣದ ಮಾನದಂಡ. ಕೆಲವು ಗಾಢ ನೀಲಿ-ಹಸಿರುಗಳು, ಪ್ರತಿದೀಪ್ತ ಬಣ್ಣಗಳು ಅದರ ವ್ಯಾಪ್ತಿಯ ಹೊರಗೇ ಉಳಿಯುತ್ತವೆ. ಹೊಳಪು, ಉಬ್ಬು, ದಪ್ಪ ಬಣ್ಣದ ಕುಂಚದ ಗೆರೆ ಇವು ನೋಡುಗರು ಅತ್ತಿತ್ತ ಸರಿದಾಗ ಬದಲಾಗುವ ಗುಣಗಳು. ಮೈಸೂರು ಶೈಲಿಯ ಚಿತ್ರವೇ ಇದಕ್ಕೆ ನಿದರ್ಶನ. ಅದರ ಜೆಸ್ಸೊ ಎಂಬ ಲೇಪದ ಉಬ್ಬುಗೆಲಸ, ಅದಕ್ಕೆ ಅಂಟಿಸಿದ ಬಂಗಾರದ ರೇಕು ದೀಪದ ಬೆಳಕಿನಲ್ಲಿ ಮಿನುಗುವ ಬಗೆಯನ್ನು ಯಾವ ಫೋಟೊವೂ ಪೂರ್ತಿ ಹಿಡಿಯಲಾರದು. ಅಳತೆಯ ಅರಿವೂ ಕಳೆದುಹೋಗುತ್ತದೆ. ಅಂಗೈ ಅಗಲದ ಸೂಕ್ಷ್ಮಚಿತ್ರ ಮತ್ತು ಒಂದು ಮೀಟರ್ ಅಗಲದ ಕ್ಯಾನ್ವಾಸ್ ಎರಡೂ ಮೊಬೈಲಿನಲ್ಲಿ ಒಂದೇ ಗಾತ್ರ. ಹಾಗಾಗಿ ಪ್ರತಿ ಚಿತ್ರದ ಕೆಳಗೆ ಶೀರ್ಷಿಕೆ, ಮಾಧ್ಯಮ, ಸೆಂಟಿಮೀಟರ್‌ಗಳಲ್ಲಿ ಅಳತೆ, ಬೆಲೆ ಬರೆಯಲೇಬೇಕು. ಗೋಡೆಯ ಮೇಲೆ ತೂಗುಹಾಕಿದ ಒಂದು ಫೋಟೊ ಜತೆಗಿದ್ದರೆ ಗಾತ್ರ ಇನ್ನೂ ಚೆನ್ನಾಗಿ ಮನಸ್ಸಿಗೆ ಬರುತ್ತದೆ. ಕಣ್ಣು ಕಾಣದವರ ಸಾಫ್ಟ್‌ವೇರ್ ಓದಿ ಹೇಳುವಂತೆ ಚಿತ್ರದ ವಿವರಣೆಯನ್ನು ಒಂದೆರಡು ವಾಕ್ಯದಲ್ಲಿ ಸೇರಿಸುವುದು ಒಳ್ಳೆಯ ಪದ್ಧತಿ.

ಆಯ್ಕೆ ಮತ್ತು ಜೋಡಣೆ

ಗೋಡೆಯ ಉದ್ದಕ್ಕೆ ಮಿತಿಯಿದೆ, ಪುಟಕ್ಕೆ ಇಲ್ಲ. ಈ ಸೌಲಭ್ಯವೇ ಅಪಾಯವೂ ಹೌದು. ಸದಸ್ಯರು ಕಳಿಸಿದ್ದನ್ನೆಲ್ಲ ಏರಿಸಿದರೆ ನೂರಾರು ಚಿತ್ರಗಳ ರಾಶಿ ಬೀಳುತ್ತದೆ, ನೋಡುಗರು ಹತ್ತಿಪ್ಪತ್ತು ನೋಡಿ ಹೊರಡುತ್ತಾರೆ. ಒಬ್ಬರಿಗೆ ಇಷ್ಟೇ ಚಿತ್ರ ಎಂಬ ಮಿತಿ, ಹೊಸ ಕೃತಿಗಳಿಗೆ ಮಾತ್ರ ಅವಕಾಶ ಎಂಬ ಷರತ್ತು, ಆರಂಭ ಮತ್ತು ಮುಕ್ತಾಯದ ದಿನಾಂಕ ಇದ್ದರೆ ಪುಟಕ್ಕೆ ಪ್ರದರ್ಶನದ ಬಿಗಿ ಬರುತ್ತದೆ. ಇನ್ನು ಯಾರ ಚಿತ್ರ ಎಲ್ಲಿ ಎಂಬ ಜಾಗದ ಜಗಳ ಹಳೆಯದು. ತನ್ನ ಚಿತ್ರವನ್ನು ತಾನು ಹೇಳಿದ ಎತ್ತರದಲ್ಲಿ ತೂಗುಹಾಕಲಿಲ್ಲವೆಂದು ಚಿತ್ರಕಾರ ಥಾಮಸ್ ಗೇನ್ಸ್‌ಬರೊ 1784ರಲ್ಲಿ ರಾಯಲ್ ಅಕಾಡೆಮಿಯಿಂದ ತನ್ನ ಕೃತಿಗಳನ್ನು ವಾಪಸ್ ಪಡೆದು, ಮತ್ತೆಂದೂ ಅಲ್ಲಿ ಪ್ರದರ್ಶಿಸಲಿಲ್ಲ. ಪರದೆಯಲ್ಲಿ ಎತ್ತರದ ಪ್ರಶ್ನೆಯಿಲ್ಲ, ಮೊದಲು ಕಾಣುವುದು ಯಾರದೆಂಬ ಪ್ರಶ್ನೆಯಿದೆ. ಅಕಾರಾದಿಯಾಗಿ ಹಾಕಿದರೆ ಕೊನೆಯ ಅಕ್ಷರದವರಿಗೆ ಅನ್ಯಾಯ. ನಿಸರ್ಗ, ಭಾವಚಿತ್ರ, ಅಮೂರ್ತ ಎಂದು ವಿಭಾಗಿಸುವುದು, ಅಥವಾ ಪುಟ ತೆರೆದಾಗಲೆಲ್ಲ ಕ್ರಮ ಬದಲಾಗುವಂತೆ ಮಾಡುವುದು ಇದಕ್ಕೆ ಪರಿಹಾರ.

ಮಾರಾಟ ಮತ್ತು ಹಕ್ಕು

ಆನ್‌ಲೈನ್ ಮಾರಾಟದಲ್ಲಿ ಹಣ ಸಂದಾಯ ಸುಲಭ, ಸಾಗಣೆ ಕಷ್ಟ. ಗಾಜಿನ ಫ್ರೇಮ್ ದಾರಿಯಲ್ಲಿ ಒಡೆಯುವ ಭಯ ಇರುವುದರಿಂದ ಎಷ್ಟೋ ಮಂದಿ ಜಲವರ್ಣವನ್ನು ಫ್ರೇಮ್ ಇಲ್ಲದೆ ಕಳಿಸುತ್ತಾರೆ. ಊರಿನೊಳಗಿನ ಖರೀದಿದಾರರಿಗೆ ಸದಸ್ಯರೇ ಮನೆಗೆ ತಲುಪಿಸುವುದೂ ಉಂಟು. ಸಾಗಣೆಯ ವೆಚ್ಚ ಯಾರದು, ಇಷ್ಟವಾಗದಿದ್ದರೆ ವಾಪಸ್ ಪಡೆಯುವರೇ ಎಂಬುದನ್ನು ಮೊದಲೇ ಬರೆದಿಡುವುದು ಒಳ್ಳೆಯದು.

ಚಿತ್ರ ಕೊಂಡವರಿಗೆ ಅದರ ಹಕ್ಕುಸ್ವಾಮ್ಯವೂ ಬಂತೆಂದು ಅನೇಕರು ತಿಳಿಯುತ್ತಾರೆ. ಅದು ತಪ್ಪು. ಬರೆದುಕೊಟ್ಟ ಒಪ್ಪಂದವಿಲ್ಲದಿದ್ದರೆ ಹಕ್ಕು ಸಾಮಾನ್ಯವಾಗಿ ಕಲಾವಿದರಲ್ಲೇ ಉಳಿಯುತ್ತದೆ. ಬ್ರಿಟನ್ನಿನಲ್ಲಿ 1988ರ ಕಾಯ್ದೆಯಂತೆ ಕಲಾವಿದರ ಮರಣಾನಂತರ 70 ವರ್ಷ, ಭಾರತದಲ್ಲಿ 1957ರ ಕಾಯ್ದೆಯಂತೆ 60 ವರ್ಷ ಈ ಹಕ್ಕು ಇರುತ್ತದೆ. ಈ ನಿಯಮ ಹವ್ಯಾಸಿಗಳನ್ನೂ ಎರಡು ರೀತಿಯಲ್ಲಿ ಮುಟ್ಟುತ್ತದೆ. ಬೇರೆಯವರು ತೆಗೆದ ಫೋಟೊ ನೋಡಿ ಬರೆದ ಚಿತ್ರವನ್ನು ಅನುಮತಿಯಿಲ್ಲದೆ ಪ್ರದರ್ಶಿಸಿದರೆ ತೊಂದರೆಯಾಗಬಹುದು. ಮನೆಯ ಮಟ್ಟಿಗೆ ಗಮನಕ್ಕೆ ಬಾರದ ಅಂಥ ನಕಲು ಅಂತರ್ಜಾಲದಲ್ಲಿ ಬೇಗ ಸಿಕ್ಕಿಬೀಳುತ್ತದೆ. ತಮ್ಮ ಚಿತ್ರವನ್ನು ಇತರರು ಕದ್ದು ಮುದ್ರಿಸುವ ಭಯಕ್ಕೆ ಸರಳ ಉಪಾಯವೆಂದರೆ ಉದ್ದದ ಬದಿ 1500 ಪಿಕ್ಸೆಲ್ ದಾಟದ ಫೋಟೊ ಏರಿಸುವುದು. ಪರದೆಯಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಆದರೆ ಇಂಚಿಗೆ 300 ಚುಕ್ಕೆಯ ಉತ್ತಮ ಮುದ್ರಣಕ್ಕೆ ಹೋದರೆ ಐದು ಇಂಚಿಗಿಂತ ದೊಡ್ಡದಾಗುವುದಿಲ್ಲ.

ಲಾಭ, ನಷ್ಟ ಮತ್ತು ಮುಂದಿನ ದಾರಿ

ಆನ್‌ಲೈನ್ ಪ್ರದರ್ಶನಕ್ಕೆ ಸಭಾಂಗಣದ ಬಾಡಿಗೆಯಿಲ್ಲ, ಕಾವಲು ಕೂರುವ ಸರದಿಯಿಲ್ಲ. ಮೆಟ್ಟಿಲು ಹತ್ತಲಾರದ ಸದಸ್ಯರು, ದೂರದೇಶದಲ್ಲಿರುವ ಮಕ್ಕಳು ಅದನ್ನು ಮನೆಯಿಂದಲೇ ನೋಡುತ್ತಾರೆ. ಮುಗಿದ ಬಳಿಕವೂ ಪುಟ ಉಳಿದರೆ ಸಂಘದ ಆ ವರ್ಷದ ಕೆಲಸದ ದಾಖಲೆ ಸಿದ್ಧವಾಗಿರುತ್ತದೆ. ನಷ್ಟವೂ ಸಣ್ಣದಲ್ಲ. ಮಾರುಕಟ್ಟೆಗೆಂದು ಹೊರಟವರು ಸಭಾಂಗಣದ ಬಾಗಿಲು ತೆರೆದಿದೆಯೆಂದು ಒಳಗೆ ಇಣುಕುವುದುಂಟು. ಇಂಥ ಆಕಸ್ಮಿಕ ಪ್ರೇಕ್ಷಕರು ಅಂತರ್ಜಾಲದಲ್ಲಿ ವಿರಳ, ಅಲ್ಲಿಗೆ ಬರುವವರು ಹೆಚ್ಚಾಗಿ ಸದಸ್ಯರ ಪರಿಚಯದವರೇ. ಚಿತ್ರದ ಮುಂದೆ ನಿಂತು ಆಡುವ ಮಾತಿನ ಜಾಗವನ್ನು ಮೆಚ್ಚುಗೆ ಸೂಚಿಸುವ ಹೆಬ್ಬೆರಳಿನ ಚಿಹ್ನೆ ತುಂಬಲಾರದು. ಕಂಪ್ಯೂಟರ್ ಬಾರದ ಹಿರಿಯ ಸದಸ್ಯರು ಹೊರಗುಳಿಯುವ ಅಪಾಯವೂ ಇದೆ. ಅವರ ಚಿತ್ರಗಳ ಫೋಟೊ ತೆಗೆದು ಏರಿಸಿಕೊಡಲು ಸಂಘದಲ್ಲಿ ಒಬ್ಬರಾದರೂ ಬೇಕು.

ಲಾಕ್‌ಡೌನ್ ತೆರವಾದ ಮೇಲೆ ಸಂಘಗಳು ಸಭಾಂಗಣಗಳಿಗೆ ಮರಳಿದವು. ಆದರೂ ಪ್ರವೇಶಪತ್ರ ಮತ್ತು ಫೋಟೊಗಳನ್ನು ಆನ್‌ಲೈನ್‌ನಲ್ಲಿ ಪಡೆಯುವುದು, ಮೊದಲ ಸುತ್ತಿನ ಆಯ್ಕೆಯನ್ನು ಫೋಟೊ ನೋಡಿ ಮಾಡುವುದು, ಗೋಡೆಯ ಪ್ರದರ್ಶನದ ಜತೆಗೇ ಅದರ ಕ್ಯಾಟಲಾಗನ್ನು ಪರದೆಯಲ್ಲಿ ತೆರೆದಿಡುವುದು ಹಲವೆಡೆ ವಾಡಿಕೆಯಾಗಿದೆ. ರಾಯಲ್ ಅಕಾಡೆಮಿಯೂ ಮೊದಲ ಸುತ್ತಿಗೆ ಡಿಜಿಟಲ್ ಚಿತ್ರವನ್ನೇ ನೋಡಿ, ಆಯ್ದವರಿಂದ ಮಾತ್ರ ಮೂಲಕೃತಿ ತರಿಸಿಕೊಳ್ಳುತ್ತದೆ. ಸ್ವಂತ ಗ್ಯಾಲರಿಯಿಲ್ಲದ ಸಂಘಕ್ಕೆ ಈ ಮಿಶ್ರಕ್ರಮ ಹೆಚ್ಚು ಅನುಕೂಲ: ಹೆಚ್ಚು ಜನರನ್ನು ತಲುಪುವುದು, ಆಯ್ಕೆ, ಲೆಕ್ಕ ಮತ್ತು ದಾಖಲೆಯ ಕೆಲಸ ಪರದೆಯಲ್ಲಿ ನಡೆಯುತ್ತದೆ, ಬಣ್ಣ, ಅಳತೆ, ಮೇಲ್ಮೈಗಳನ್ನು ಕಣ್ಣಾರೆ ಕಾಣುವ ಅವಕಾಶ ಗೋಡೆಯಲ್ಲಿ ಉಳಿಯುತ್ತದೆ.