ಹಳೆಯ ಬ್ಯಾಟರಿ ಎಲ್ಲಿಗೆ ಹೋಗುತ್ತದೆ?

ನನ್ನ ತಂದೆಗೆ ಗುಜರಿ ಅಂಗಡಿ ಇದೆ. ಹೈಸ್ಕೂಲಿನಲ್ಲಿ ಯಾರಾದರೂ ಕೇಳಿದರೆ ‘ಬಿಸಿನೆಸ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಈ ವರ್ಷ ತರಗತಿಯಲ್ಲಿ ‘ಸರ್ಕ್ಯುಲರ್ ಎಕಾನಮಿ’, ಅಂದರೆ ವೃತ್ತಾಕಾರದ ಆರ್ಥಿಕತೆ ಎಂಬ ಮಾತು ಬಂದಾಗ ನನಗೆ ನೆನಪಾದದ್ದು ನಮ್ಮ ಅಂಗಡಿಯ ಮೂಲೆಯಲ್ಲಿ ಪೇರಿಸಿಟ್ಟ ಹಳೆಯ ಬ್ಯಾಟರಿಗಳು.

ಸಾಮಾನ್ಯವಾಗಿ ವಸ್ತು ಗಣಿಯಿಂದ ಕಾರ್ಖಾನೆಗೆ, ಅಲ್ಲಿಂದ ಅಂಗಡಿಗೆ, ಮನೆಗೆ, ಕೊನೆಗೆ ಕಸದ ರಾಶಿಗೆ ಹೋಗುತ್ತದೆ. ಬಳಸಿದ ವಸ್ತುವೇ ಕಚ್ಚಾವಸ್ತುವಾಗಿ ಕಾರ್ಖಾನೆಗೆ ಮರಳಿದರೆ ಆ ನೇರ ದಾರಿ ವೃತ್ತವಾಗುತ್ತದೆ. ಕಾರು, ಇನ್ವರ್ಟರ್‌ಗಳಲ್ಲಿರುವ ಸೀಸ-ಆಸಿಡ್ ಬ್ಯಾಟರಿ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ ಮತ್ತು ಸೀಸದ ಸಂಯುಕ್ತಗಳು. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಶುದ್ಧೀಕರಿಸಿ ಎಷ್ಟು ಸಲ ಬಳಸಿದರೂ ಅದರ ಗುಣ ಕೆಡುವುದಿಲ್ಲ.

ಕಂಪನಿಗಳು ಹಳೆಯದನ್ನು ಏಕೆ ವಾಪಸ್ ಪಡೆಯುತ್ತವೆ? ಮೊದಲ ಕಾರಣ ಹಣ. ಹಳೆಯ ಬ್ಯಾಟರಿಯಲ್ಲಿ ಬೆಲೆಬಾಳುವ ಲೋಹವಿದೆ. ಎರಡನೆಯದು ಕಾನೂನು. 2001ರ ನಿಯಮಗಳು ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದವು. 2022ರ ಹೊಸ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳಿಗೂ ಆ ಹೊಣೆಯನ್ನು ವಿಸ್ತರಿಸಿದವು. ನೋಂದಾಯಿತ ಮರುಬಳಕೆ ಘಟಕಗಳು ತಾವು ಸಂಸ್ಕರಿಸಿದ ಪ್ರಮಾಣಕ್ಕೆ ತಕ್ಕಂತೆ ಪ್ರಮಾಣಪತ್ರ ಪಡೆಯುತ್ತವೆ. ಕಂಪನಿಗಳು ಅವುಗಳನ್ನು ಕೊಂಡು ತಮ್ಮ ಗುರಿ ಪೂರೈಸಬಹುದು. ಮೂರನೆಯದು ಮರಳುವ ದಾರಿ. ಹಳೆಯದನ್ನು ಕೊಟ್ಟರೆ ಡೀಲರ್ ಹೊಸದರ ಬೆಲೆಯಲ್ಲಿ ಕಡಿತ ಮಾಡುತ್ತಾರೆ. ಹೊಸ ಬ್ಯಾಟರಿ ಇಳಿಸಿದ ಲಾರಿ ಹಳೆಯದನ್ನು ತುಂಬಿಕೊಂಡು ಹೋಗಬಹುದು.

ಈ ಸರಪಳಿಯ ದುರ್ಬಲ ಕೊಂಡಿ ಎಲ್ಲಿದೆ ಎಂದು ನನಗೆ ತಿಳಿದದ್ದು ಪುಸ್ತಕದಿಂದಲ್ಲ. ಬಯಲಿನಲ್ಲಿ ಕುಲುಮೆ ಹಾಕಿ ಸೀಸ ಕರಗಿಸುವವರು ಕೆಲವೊಮ್ಮೆ ಹೆಚ್ಚು ಬೆಲೆ ಕೊಡುತ್ತಾರೆ. ಹೊಗೆ ತಡೆಯುವ ಯಂತ್ರದ ಖರ್ಚಾಗಲಿ, ಆಸಿಡ್ ಸಂಸ್ಕರಿಸುವ ಖರ್ಚಾಗಲಿ ಅವರಿಗಿಲ್ಲ. ಆ ಖರ್ಚನ್ನು ತೆರುವವರು ಸುತ್ತಲಿನ ಮಕ್ಕಳು. ಸೀಸ ಅವರ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಆ ಹಾನಿ ಸರಿಹೋಗುವುದಿಲ್ಲ.

ಹಿಂದೆ ನಮ್ಮ ಅಂಗಡಿಯಲ್ಲೂ ಆಸಿಡನ್ನು ಹಿತ್ತಲಿನಲ್ಲಿ ಚೆಲ್ಲುತ್ತಿದ್ದರು. ಆ ಜಾಗದಲ್ಲಿ ಇಂದಿಗೂ ಹುಲ್ಲು ಬೆಳೆದಿಲ್ಲ. ಈಗ ತಂದೆ ಬ್ಯಾಟರಿಯನ್ನು ಒಡೆಯದೆ, ನೋಂದಾಯಿತ ಘಟಕಕ್ಕೆ ಕಳುಹಿಸುವ ವ್ಯಾಪಾರಿಗೇ ಕೊಡುತ್ತಾರೆ. ಸಿಗುವ ಹಣ ಸ್ವಲ್ಪ ಕಡಿಮೆ. ‘ನಷ್ಟವಲ್ಲವೇ?’ ಎಂದು ಕೇಳಿದೆ. ‘ಆ ಹಿತ್ತಲಿನಲ್ಲೇ ನೀನು ಆಡಿ ಬೆಳೆದದ್ದು’ ಎಂದರು.

ದೊಡ್ಡ ಕಂಪನಿಯ ಸುಸ್ಥಿರ ವರದಿ ಕೊನೆಗೆ ಇಂಥ ಸಣ್ಣ ಅಂಗಡಿಗಳ ತಕ್ಕಡಿಯ ಮೇಲೆ ನಿಂತಿದೆ. ಸರಿಯಾದ ಕಡೆಗೆ ಕೊಟ್ಟವನಿಗೆ ನಷ್ಟವಾಗದಂತೆ ನೋಡಿಕೊಂಡರೆ ಮಾತ್ರ ವೃತ್ತ ಪೂರ್ಣವಾಗುತ್ತದೆ. ನಿಮ್ಮ ಮನೆಯ ಇನ್ವರ್ಟರ್ ಬ್ಯಾಟರಿ ಬದಲಿಸುವಾಗ, ಹಳೆಯದು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ಕೇಳಿ. ನನ್ನ ತಂದೆಯ ಕೆಲಸವೇನೆಂದು ಯಾರಾದರೂ ಕೇಳಿದರೆ, ಈಗ ನಾನು ‘ಗುಜರಿ ಅಂಗಡಿ’ ಎಂದೇ ಹೇಳುತ್ತೇನೆ.