ರಸ್ತೆ ಗುಂಡಿಯ ವರದಿ: ಯಾರಿಗೆ, ಹೇಗೆ, ಯಾವಾಗ?



ಕಳೆದ ಮುಂಗಾರಿನಲ್ಲಿ ಕುಶಾಲನಗರ ತಾಲ್ಲೂಕಿನ ಗ್ರಾಮವೊಂದರ ಸದಸ್ಯರು “ಶಾಲೆಯ ಹತ್ತಿರ ದೊಡ್ಡ ಗುಂಡಿಯಾಗಿದೆ” ಎಂದು ನನಗೆ ದೂರವಾಣಿಯಲ್ಲಿ ತಿಳಿಸಿದರು. ಅಂದೇ ನಾನು ಒಂದು ಇಂಜಿನಿಯರಿಂಗ್ ಕಚೇರಿಗೆ ಪತ್ರ ಬರೆದೆನು. ಹತ್ತೊಂಬತ್ತು ದಿನಗಳ ನಂತರ “ಸದರಿ ರಸ್ತೆಯು ಈ ಕಚೇರಿಯ ವ್ಯಾಪ್ತಿಗೆ ಒಳಪಡುವುದಿಲ್ಲ” ಎಂಬ ಹಿಂಬರಹ ಬಂದಿತು. ಅಷ್ಟರಲ್ಲಿ ಸ್ಕೂಟರಿನ ಹಿಂಬದಿ ಕುಳಿತಿದ್ದ ಮಹಿಳೆಯೊಬ್ಬರು ನೀರು ತುಂಬಿದ ಅದೇ ಗುಂಡಿಯಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ರಸ್ತೆ ಯಾರದೆಂದು ಪರಿಶೀಲಿಸದೆ ಪತ್ರ ಕಳುಹಿಸಿದ ತಪ್ಪು ನನ್ನದು. ಅಂತಹ ವಿಳಂಬ ಮತ್ತೆ ಆಗದಿರಲೆಂದು ಈ ಮಾಹಿತಿಯನ್ನು ತಮ್ಮ ಮುಂದಿಡುತ್ತಿದ್ದೇನೆ.

ಗುಂಡಿ ಬೀಳುವ ಬಗೆ

ಹಿಮ ಬೀಳುವ ದೇಶಗಳಲ್ಲಿ ಬಿರುಕಿನೊಳಗಿನ ನೀರು ಹೆಪ್ಪುಗಟ್ಟಿ, ಸುಮಾರು ಶೇ. 9ರಷ್ಟು ಹಿಗ್ಗಿ ಡಾಂಬರನ್ನು ಒಡೆಯುತ್ತದೆ. ನಮ್ಮ ಚಳಿ ಅಷ್ಟು ತೀವ್ರವಲ್ಲ. ಇಲ್ಲಿ ಹಾನಿ ಮಾಡುವುದು ನಿಂತ ಮಳೆನೀರು ಮತ್ತು ವಾಹನಗಳ ಭಾರ. ಬಿರುಕಿನಿಂದ ಇಳಿದ ನೀರು ಕೆಳಗಿನ ಜಲ್ಲಿ ಪದರವನ್ನು ಸಡಿಲಗೊಳಿಸುತ್ತದೆ. ಮರದ ದಿಮ್ಮಿ, ಶುಂಠಿ, ಕಾಫಿ ಸಾಗಿಸುವ ಲಾರಿಯ ಚಕ್ರ ಅದರ ಮೇಲೆ ಹಾದಾಗ ನೀರು ಒತ್ತಡದಿಂದ ಮೇಲೆ ಚಿಮ್ಮಿ ಜಲ್ಲಿಯ ಪುಡಿಯನ್ನು ಹೊರಹಾಕುತ್ತದೆ. ಆಧಾರ ಕಳೆದುಕೊಂಡ ಡಾಂಬರು ಕುಸಿಯುತ್ತದೆ. ಆದುದರಿಂದ ಗುಂಡಿ ಕಂಡಲ್ಲೆಲ್ಲ ಮುಚ್ಚಿದ ಚರಂಡಿ, ಕಟ್ಟಿಕೊಂಡ ಮೋರಿ ಅಥವಾ ಪೈಪಿಗಾಗಿ ಅಗೆದು ಸರಿಯಾಗಿ ಮುಚ್ಚದ ಪಟ್ಟಿ ಇದೆಯೇ ಎಂದು ನೋಡುವುದು ಅಗತ್ಯ. ಕಾರಣವನ್ನು ಹಾಗೆಯೇ ಬಿಟ್ಟು ಗುಂಡಿಯನ್ನಷ್ಟೇ ಮುಚ್ಚಿದರೆ ಮುಂದಿನ ಮಳೆಗೆ ಅದು ಪುನಃ ಬಾಯ್ದೆರೆಯುತ್ತದೆ.

ರಸ್ತೆ ಯಾರದು?

ಒಂದೇ ಊರಿನ ರಸ್ತೆಗಳು ಬೇರೆ ಬೇರೆ ಕಚೇರಿಗಳಿಗೆ ಸೇರಿರುತ್ತವೆ. ವರದಿಗೆ ಮುನ್ನ ಇದನ್ನು ಖಚಿತಪಡಿಸಿಕೊಳ್ಳಿ:

1. ಕುಶಾಲನಗರದ ಮೂಲಕ ಮಡಿಕೇರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 275: ಹೆದ್ದಾರಿ ಸಹಾಯವಾಣಿ 1033.
2. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ: ಲೋಕೋಪಯೋಗಿ ಇಲಾಖೆ.
3. ಗ್ರಾಮೀಣ ಸಂಪರ್ಕ ರಸ್ತೆ: ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ.
4. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆ: ಕಾಮಗಾರಿ ಮುಗಿದ ನಂತರ 5 ವರ್ಷಗಳ ನಿರ್ವಹಣೆ ಗುತ್ತಿಗೆದಾರರ ಹೊಣೆ. ರಸ್ತೆಯ ಆರಂಭದಲ್ಲಿರುವ ಫಲಕದಲ್ಲಿನ ವಿವರ ಓದಿ. ‘ಮೇರಿ ಸಡಕ್’ ಆ್ಯಪ್‌ನಲ್ಲಿ ಛಾಯಾಚಿತ್ರ ಸಹಿತ ದೂರು ಸಲ್ಲಿಸಬಹುದು.
5. ಗ್ರಾಮದ ಒಳರಸ್ತೆ: ನಮ್ಮ ಗ್ರಾಮ ಪಂಚಾಯತಿ. ಪಟ್ಟಣದ ಒಳರಸ್ತೆ: ಪುರಸಭೆ.

ಸಂದೇಹವಿದ್ದಲ್ಲಿ ಪಂಚಾಯತಿಯ ರಸ್ತೆ ವಹಿಯನ್ನು ನೋಡಿ, ಇಲ್ಲವೇ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳನ್ನು ಕೇಳಿ. ಯಾವ ಇಲಾಖೆಯೆಂದು ತಿಳಿಯದಿದ್ದರೂ ರಾಜ್ಯದ ಕುಂದುಕೊರತೆ ಸಹಾಯವಾಣಿ 1902ರಲ್ಲಿ ದೂರು ದಾಖಲಿಸಬಹುದು.

ವರದಿಯಲ್ಲಿ ಇರಬೇಕಾದುದು

“ಶಾಲೆಯ ಹತ್ತಿರ” ಎಂಬುದು ಸ್ಥಳವನ್ನು ತಿಳಿದವರಿಗೆ ಸಾಕು. ಅಂದಾಜು ಪಟ್ಟಿ ಮಾಡುವ ಇಂಜಿನಿಯರರಿಗೆ ಸಾಲದು. ಸ್ಥಿರ ಗುರುತಿನಿಂದ ಇರುವ ದೂರ, ರಸ್ತೆಯ ಯಾವ ಬದಿ, ಉದ್ದ, ಅಗಲ, ಆಳ, ನೀರಿನ ಮೂಲ ಮತ್ತು ದಿನಾಂಕವನ್ನು ತಿಳಿಸಬೇಕು. ನೀರು ತುಂಬಿದ ಗುಂಡಿಯ ಆಳವನ್ನು ಕೋಲಿನಿಂದ ಅಳೆಯಿರಿ. ಒಂದು ಮಾದರಿ:

“ಬಸ್ ತಂಗುದಾಣದಿಂದ ಶಾಲೆಯ ಕಡೆಗೆ 140 ಮೀಟರ್, ಎಡಬದಿ. ಉದ್ದ 1.2 ಮೀ., ಅಗಲ 0.8 ಮೀ., ಆಳ 9 ಸೆಂ.ಮೀ. ಮೇಲ್ಭಾಗದ ಚರಂಡಿ ಮಣ್ಣಿನಿಂದ ಮುಚ್ಚಿದ್ದು, ನೀರು ರಸ್ತೆಯ ಮೇಲೆ ಹರಿಯುತ್ತಿದೆ. ತಿರುವಿನಲ್ಲಿರುವುದರಿಂದ ರಾತ್ರಿ ಕಾಣುವುದಿಲ್ಲ. ಮಕ್ಕಳು ನಡೆದು ಹೋಗುವ ದಾರಿ.”

ಎರಡು ಛಾಯಾಚಿತ್ರಗಳು ಸಾಕು: ಒಂದು ಗುಂಡಿಯ ಸಮೀಪದಿಂದ, ಇನ್ನೊಂದು ಸುತ್ತಲಿನ ಗುರುತು ಕಾಣುವಷ್ಟು ದೂರದಿಂದ. ದೂರು ಸಂಖ್ಯೆ ಅಥವಾ ಸ್ವೀಕೃತಿ ಪಡೆದು ಪಂಚಾಯತಿಯ ವಹಿಯಲ್ಲಿ ನಮೂದಿಸಿ, ಮುಂದಿನ ಸಾಮಾನ್ಯ ಸಭೆಯಲ್ಲಿ ಅದರ ಸ್ಥಿತಿಯನ್ನು ಕೇಳಬೇಕು. ಸಂಖ್ಯೆಯಿಲ್ಲದ ದೂರನ್ನು ಬೆನ್ನಟ್ಟುವುದು ಕಷ್ಟ.

ದುರಸ್ತಿಯಾಗುವವರೆಗೆ

ಸುರಿವ ಮಳೆಯಲ್ಲಿ ಬಿಸಿ ಡಾಂಬರಿನ ತೇಪೆ ನಿಲ್ಲುವುದಿಲ್ಲ. ಹಾಗೆಂದು ಗುಂಡಿಗೆ ಮಣ್ಣು ಸುರಿಯುವುದೂ ಸರಿಯಲ್ಲ. ಅದು ಕೆಸರಾಗಿ ದ್ವಿಚಕ್ರ ಸವಾರರನ್ನು ಜಾರಿಸುತ್ತದೆ. ನೀರನ್ನು ಹೊರಹಾಕಿ, ಜಲ್ಲಿ ಹಾಗೂ ಜಲ್ಲಿಪುಡಿಯ ಮಿಶ್ರಣ ತುಂಬಿ ದಮ್ಮಸ್ಸು ಮಾಡುವುದು, ಇಲ್ಲವೇ ಚೀಲದಲ್ಲಿ ದೊರೆಯುವ ಸಿದ್ಧ ತಣ್ಣನೆಯ ಡಾಂಬರು ಮಿಶ್ರಣ ಬಳಸುವುದು ತಾತ್ಕಾಲಿಕ ಕ್ರಮ. ತಿರುವಿನಲ್ಲಿದ್ದರೆ ದೂರದಿಂದಲೇ ಕಾಣುವ ಎಚ್ಚರಿಕೆ ಫಲಕವೂ ಬೇಕು. ಮಳೆ ನಿಂತ ಮೇಲೆ ಗುಂಡಿಯ ಅಂಚನ್ನು ಗಟ್ಟಿ ಭಾಗದವರೆಗೆ ನೇರವಾಗಿ ಕತ್ತರಿಸಿ, ಒಣಗಿಸಿ, ಡಾಂಬರು ಲೇಪಿಸಿ, ಪದರ ಪದರವಾಗಿ ತುಂಬಿಸಿ ಒತ್ತಬೇಕು. ಕೆಲಸ ನಡೆಯುವಾಗ ಸದಸ್ಯರು ಸ್ಥಳದಲ್ಲಿದ್ದು ಈ ಹಂತಗಳನ್ನು ಗಮನಿಸಬಹುದು.

2013ರಿಂದ 2017ರ ಅವಧಿಯಲ್ಲಿ ದೇಶದಲ್ಲಿ ರಸ್ತೆ ಗುಂಡಿಗಳ ಅಪಘಾತದಿಂದ 14,926 ಮಂದಿ ಮೃತಪಟ್ಟ ವಿಷಯವನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಕಳವಳದಿಂದ ಗಮನಿಸಿತು. ರಸ್ತೆ ಸುರಕ್ಷತಾ ಮಾನದಂಡ ಪಾಲಿಸದ ಪ್ರಾಧಿಕಾರ ಹಾಗೂ ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯು ಅವಕಾಶ ಕಲ್ಪಿಸಿದೆ. ನಮ್ಮದೇ ರಸ್ತೆಯಾಗಿದ್ದಲ್ಲಿ ನಾವೂ ಈ ಹೊಣೆಯಿಂದ ಹೊರತಲ್ಲ.

ಎಲ್ಲಕ್ಕಿಂತ ಅಗ್ಗದ ವರದಿ ಎಂದರೆ ಗುಂಡಿ ಬೀಳುವ ಮೊದಲೇ ಸಲ್ಲಿಸುವ ವರದಿ. ಪ್ರತಿ ವರ್ಷ ಮೇ ತಿಂಗಳಲ್ಲಿ ತಮ್ಮ ವಾರ್ಡಿನ ರಸ್ತೆಗಳಲ್ಲಿ ಒಮ್ಮೆ ನಡೆದು, ಬಲೆಯಂತೆ ಬಿಟ್ಟ ಬಿರುಕು, ಮುಚ್ಚಿದ ಚರಂಡಿ ಮತ್ತು ಕಟ್ಟಿಕೊಂಡ ಮೋರಿಗಳನ್ನು ಪಟ್ಟಿ ಮಾಡಿ ಪಂಚಾಯತಿಗೆ ನೀಡಬೇಕಾಗಿ ಎಲ್ಲ ಸದಸ್ಯರಲ್ಲಿ ವಿನಂತಿ.

— ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಕುಶಾಲನಗರ ತಾಲ್ಲೂಕು